ಹೊಳೆಯುವ ಪುಡಿ ಮತ್ತು ಕಾಳಿನ ವಿಷ

2025ರ ಸೆಪ್ಟೆಂಬರ್ ತಿಂಗಳ ಮಳೆಯನ್ನು ಕಲಬುರಗಿ ಜಿಲ್ಲೆಯ ರೈತರು ಬೇಗ ಮರೆಯಲಾರರು. ಭೀಮಾ ನದಿ ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹೊಲಗಳಿಗೆ ನೀರು ನುಗ್ಗಿತು. ಮಳೆ ಹೊಳವಾದ ಮೇಲೆ ಒಂದು ದಿನ ನಾನು ಆಳಂದ ತಾಲ್ಲೂಕಿನ ನರೋಣಾ ಗ್ರಾಮಕ್ಕೆ ಹೋಗಿದ್ದೆ. ಅಲ್ಲಿಯ ಹಿರಿಯ ರೈತರೊಬ್ಬರು ಬಾವಿಯ ಕೆಳಗಿನ ತುಂಡು ನೆಲದಲ್ಲಿ ಬೆಳೆದ ಶೇಂಗಾವನ್ನು ಕಣದಲ್ಲಿ ಹರವಿದ್ದರು. ಒಂದು ಹಿಡಿ ಕಾಯಿ ಸುಲಿದು ಕಾಳುಗಳನ್ನು ನನ್ನ ಅಂಗೈಗೆ ಹಾಕಿದರು. ನಾಲ್ಕೈದು ಕಾಳುಗಳ ಮೇಲೆ ಹಳದಿ ಹಸಿರು ಬಣ್ಣದ ಬೂಷ್ಟು ಹತ್ತಿತ್ತು.

"ಸಾಹೇಬ್ರ, ಇವು ಆರಿಸಿ ತಗದು ಉಳಿದದ್ದು ಮನಿಗಿ ಇಟ್ಕೊಂಡ್ರ ನಡಿತದೇನ್ರಿ? ಕಣ್ಣಿಗಿ ಛಲೋ ಕಾಣೂವು ಒಳಗೂ ಛಲೋ ಇರ್ತಾವೇನು?" ಎಂದು ಅವರು ಕೇಳಿದರು.

ಪಕ್ಕದಲ್ಲಿದ್ದ ಅವರ ಮಗ, ಕಾಲೇಜು ಓದಿದ ಹುಡುಗ, ಇನ್ನೊಂದು ಪ್ರಶ್ನೆ ಸೇರಿಸಿದ. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನದ ಸುದ್ದಿಯನ್ನು ಅವನು ಪತ್ರಿಕೆಯಲ್ಲಿ ನೋಡಿದ್ದ. "ಸರ್, ವಿಷ ಇದ್ರ ಬೆಳಕ ಬದಲಾಗೂ ಪುಡಿ ಮಾಡ್ಯಾರಂತ. ಅದು ನಮ್ಮಂಥವರ ಕೈಗಿ ಯಾವಾಗ ಬರ್ತದ್ರೀ?"

ತಂದೆಯ ಪ್ರಶ್ನೆಯೂ ಮಗನ ಪ್ರಶ್ನೆಯೂ ಒಂದೇ ಗಂಟಿನ ಎರಡು ಎಳೆಗಳು. ಆ ಗಂಟನ್ನು ಬಿಡಿಸುವುದು ಈ ಲೇಖನದ ಉದ್ದೇಶ.

ಕಣ್ಣಿಗೆ ಕಾಣದ ವಿಷ

ಶೇಂಗಾ, ಮೆಕ್ಕೆಜೋಳ, ಹತ್ತಿಕಾಳು, ಮೆಣಸಿನಕಾಯಿ ಮುಂತಾದವುಗಳ ಮೇಲೆ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಇದು ಮಣ್ಣಿನಲ್ಲಿಯೇ ವಾಸಿಸುವ ಜೀವಿ. ಕಾಳಿನಲ್ಲಿ ತೇವವಿದ್ದು ಹವೆ ಬೆಚ್ಚಗಿದ್ದರೆ ಹುಲುಸಾಗಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಸ್ರವಿಸುತ್ತದೆ. ಬೂಷ್ಟನ್ನು ಒರೆಸಬಹುದು, ಕಾಳಿನೊಳಗೆ ಇಳಿದ ವಿಷವನ್ನು ಒರೆಸಲಾಗದು. ಹುರಿದರೂ ಕುದಿಸಿದರೂ ಅದು ಪೂರ್ಣವಾಗಿ ನಾಶವಾಗುವುದಿಲ್ಲ.

ಈ ವಿಷ ಮೊದಲು ಬೆಳಕಿಗೆ ಬಂದದ್ದು 1960ರಲ್ಲಿ. ಇಂಗ್ಲೆಂಡಿನಲ್ಲಿ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಬ್ರೆಜಿಲ್ ದೇಶದಿಂದ ತರಿಸಿ ಮೇವಿನಲ್ಲಿ ಬೆರೆಸಿದ್ದ ಶೇಂಗಾ ಹಿಂಡಿಯೇ ಇದಕ್ಕೆ ಕಾರಣವೆಂದು ಪತ್ತೆಯಾಯಿತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಕೆಲವು ಹಳ್ಳಿಗಳಲ್ಲಿ ಅಕಾಲಿಕ ಮಳೆಗೆ ತೋಯ್ದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ನೂರಕ್ಕೂ ಹೆಚ್ಚು ಜನ ಯಕೃತ್ತಿನ ರೋಗದಿಂದ ಸತ್ತರು. ಸ್ವಲ್ಪ ಸ್ವಲ್ಪವಾಗಿ ವರ್ಷಗಟ್ಟಲೆ ಹೊಟ್ಟೆಗೆ ಸೇರಿದರೆ ಈ ವಿಷದಿಂದ ಯಕೃತ್ತಿನ ಕ್ಯಾನ್ಸರ್ ಬರುತ್ತದೆ. ಬೂಷ್ಟು ಹಿಡಿದ ಹಿಂಡಿ ತಿಂದ ಎಮ್ಮೆ ಆಕಳುಗಳ ಹಾಲಿನಲ್ಲಿಯೂ ಇದರ ಇನ್ನೊಂದು ರೂಪ ಇಳಿಯುತ್ತದೆ. ಆ ಹಾಲನ್ನು ಕುಡಿಯುವವರು ನಮ್ಮ ಮನೆಯ ಮಕ್ಕಳೇ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ, ಸಂಸ್ಕರಣೆಗೆ ಹೋಗುವ ಶೇಂಗಾದಲ್ಲಿ ಕಿಲೋ ಒಂದಕ್ಕೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇರಕೂಡದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು. ಒಂದು ಕ್ವಿಂಟಲ್ ಕಾಳಿನಲ್ಲಿ ಒಂದೂವರೆ ಮಿಲಿಗ್ರಾಂ ವಿಷವಿದ್ದರೆ ಅದೇ ಮಿತಿ. ಇಷ್ಟು ಸಣ್ಣ ಪ್ರಮಾಣವನ್ನು ಕಣ್ಣು, ಮೂಗು, ನಾಲಿಗೆ ಯಾವುದೂ ಹೇಳಲಾರದು. ಮಾರುಕಟ್ಟೆಯಲ್ಲಿ ದಲಾಲರು ಕಾಳನ್ನು ಹಲ್ಲಿನಲ್ಲಿ ಕಡಿದು ತೇವವನ್ನು ಅಂದಾಜು ಮಾಡಬಲ್ಲರು, ವಿಷವನ್ನಲ್ಲ. ಆದ್ದರಿಂದಲೇ ವಿಜ್ಞಾನಿಗಳು ಬೆಳಕಿನ ಸಾಕ್ಷಿ ಕೇಳತೊಡಗಿದರು.

ಬೆಂಡಿನ ಗಾಡಿಯಂಥ ಜಾಲ

ನಮ್ಮ ಕಡೆಯ ಮಕ್ಕಳು ಜೋಳದ ದಂಟಿನಿಂದ ಗಾಡಿ ಮಾಡಿ ಆಡುವುದನ್ನು ಎಲ್ಲರೂ ನೋಡಿದ್ದೇವೆ. ದಂಟಿನ ಒಳಗಿನ ಬೆಂಡನ್ನು ತುಂಡು ಮಾಡಿ, ಮೇಲಿನ ಸಿಪ್ಪೆಯ ಸಿಬಿರುಗಳನ್ನು ಅದಕ್ಕೆ ಚುಚ್ಚಿ ಜೋಡಿಸುತ್ತಾರೆ. ಬೆಂಡು ಗಂಟಾಗುತ್ತದೆ, ಸಿಬಿರು ತೊಲೆಯಾಗುತ್ತದೆ. ನಡುವೆ ಉಳಿಯುವುದು ಬರೀ ಬಯಲು. ಇದೇ ರೀತಿಯಲ್ಲಿ ಅಣುಗಳಿಂದ ಕಟ್ಟಿದ ಚೌಕಟ್ಟಿಗೆ ಲೋಹ-ಸಾವಯವ ಜಾಲ ಎಂದು ಹೆಸರು. ಬೆಂಡಿನ ಜಾಗದಲ್ಲಿ ಲೋಹ, ಸಿಬಿರಿನ ಜಾಗದಲ್ಲಿ ಇಂಗಾಲದಿಂದಾದ ಉದ್ದನೆಯ ಅಣು. ಇಲ್ಲಿ ಸಾವಯವ ಎಂದರೆ ಕೊಟ್ಟಿಗೆ ಗೊಬ್ಬರದ ಸಾವಯವವಲ್ಲ. ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ ಅವರಿಗೆ ಈ ವಿಚಾರ ಹೊಳೆದದ್ದು 1974ರಲ್ಲಿ, ವಿದ್ಯಾರ್ಥಿಗಳಿಗಾಗಿ ಮರದ ಗುಂಡು ಮತ್ತು ಕಡ್ಡಿಗಳಿಂದ ಅಣುಗಳ ಮಾದರಿ ಮಾಡಿಸುತ್ತಿದ್ದಾಗ. 1989ರಲ್ಲಿ ಅವರು ತಾಮ್ರವನ್ನು ಬಳಸಿ ಮೊದಲ ಜಾಲವನ್ನು ಪ್ರಕಟಿಸಿದರು. 1997ರಲ್ಲಿ ಜಪಾನಿನ ಸುಸುಮು ಕಿತಗಾವ ಅವರು ಇಂಥ ಜಾಲದೊಳಗೆ ಅನಿಲವು ಹೋಗಿ ಮರಳಿ ಬರಬಲ್ಲುದೆಂದು ತೋರಿಸಿದರು. 1999ರಲ್ಲಿ ಅಮೆರಿಕದಲ್ಲಿದ್ದ ಓಮರ್ ಯಾಘಿ ಅವರು ಸತುವಿನಿಂದ ಒಂದು ಗಟ್ಟಿ ಜಾಲವನ್ನು ಕಟ್ಟಿದರು. 2025ರ ನೊಬೆಲ್ ಬಹುಮಾನ ಈ ಮೂವರಿಗೂ ಸೇರಿ ಬಂದಿದೆ.

ಯಾಘಿ ಅವರ ಜಾಲದ ಎರಡು ಸಾಮಗ್ರಿಗಳೂ ನಮಗೆ ಅಪರಿಚಿತವಲ್ಲ. ನಾವು ಹೊಲಕ್ಕೆ ಹಾಕುವ ಸತುವಿನ ಸಲ್ಫೇಟಿನಲ್ಲಿರುವ ಸತುವೇ ಅದರ ಗಂಟು. ನೀರಿನ ಪ್ಲಾಸ್ಟಿಕ್ ಬಾಟಲಿ ಮತ್ತು ಪಾಲಿಯೆಸ್ಟರ್ ಬಟ್ಟೆಗೆ ಬಳಸುವ ಟೆರೆಫ್ತಾಲಿಕ್ ಆಮ್ಲವೇ ಅದರ ತೊಲೆ. ಆದರೆ ಕಟ್ಟಿದ ಮೇಲೆ ಸಿಗುವ ಒಳಮೈ ಬೆರಗು ಹುಟ್ಟಿಸುತ್ತದೆ. ಒಂದು ಗ್ರಾಂ ಪುಡಿಯ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 2900 ಚದರ ಮೀಟರ್ ಆಗುತ್ತದೆಂದು ಅವರು ಅಳೆದರು. ನಮ್ಮ ಲೆಕ್ಕದಲ್ಲಿ ಇದು 28 ಗುಂಟೆಗಿಂತ ಹೆಚ್ಚು. ಚಿಟಿಕೆ ಪುಡಿಯೊಳಗೆ ಮುಕ್ಕಾಲು ಎಕರೆಗೆ ಸಮೀಪದ ನೆಲ ಮಡಿಚಿ ಕುಳಿತಿದೆ ಎಂದಾಯಿತು. ಹೊರಗಿನ ಅಣು ಬಂದು ತಂಗಲು ಅಷ್ಟು ಜಾಗವಿದೆ.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಹಿಂದೆ ಉಳಿದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಇಂಥ ರಂಧ್ರಮಯ ಜಾಲಗಳ ಅಧ್ಯಯನವನ್ನು ಬಹಳ ಹಿಂದೆಯೇ ಕೈಗೊಂಡಿದ್ದರು. ಕಿತಗಾವ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ ಬಂದ ಪ್ರೊ. ತಪಸ್ ಕುಮಾರ್ ಮಾಜಿ ಅವರ ತಂಡ ಅದೇ ಕೇಂದ್ರದಲ್ಲಿ ಬೆಳಕು ಹೊಮ್ಮಿಸುವ ಜಾಲಗಳನ್ನು ಬೆಳೆಸಿತು.

ಬೆಳಕು ಹೊಮ್ಮುವುದು ಹೇಗೆ?

ಕೆಲವು ಅಣುಗಳ ಮೇಲೆ ನೇರಳಾತೀತ ಕಿರಣ, ಎಂದರೆ ನಮ್ಮ ಕಣ್ಣಿಗೆ ಕಾಣದ ಕಿರಣ ಬಿದ್ದಾಗ ಅವು ಅದನ್ನು ನುಂಗಿ ಕಣ್ಣಿಗೆ ಕಾಣುವ ಬೆಳಕನ್ನು ಹೊರಬಿಡುತ್ತವೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ನೋಟಿನ ಮೇಲಿನ ಅಂಕಿಗಳು ಬ್ಯಾಂಕಿನ ನೀಲಿ ದೀಪದಡಿ ಹೊಳೆಯುವುದು ಇದರಿಂದಲೇ.

ಆದರೆ ನುಂಗಿದ ಶಕ್ತಿಯೆಲ್ಲ ಬೆಳಕಾಗಿ ಬರುವುದಿಲ್ಲ. ಅಣು ಸಡಿಲವಾಗಿದ್ದರೆ ಅಲುಗಾಡಿ, ತಿರುಗಾಡಿ ಆ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಕೀಲು ಸಡಿಲಾದ ಬಂಡಿಯಲ್ಲಿ ಎತ್ತಿನ ಶ್ರಮ ಗಡಗಡ ಸದ್ದಿನಲ್ಲಿಯೇ ಹೋಗುವುದಿಲ್ಲವೇ, ಹಾಗೆ. ಕೀಲು ಬಿಗಿ ಮಾಡಿದರೆ ಅದೇ ಶ್ರಮಕ್ಕೆ ಬಂಡಿ ಮುಂದೆ ಸಾಗುತ್ತದೆ. ಅಣುವನ್ನು ಜಾಲದಲ್ಲಿ ತೊಲೆಯಾಗಿ ಬಿಗಿದಾಗ ಅದರ ಅಲುಗಾಟ ಕಡಿಮೆಯಾಗಿ ಬೆಳಕು ಹೆಚ್ಚುತ್ತದೆ. ಜಾಲ ಕಟ್ಟುವುದರ ಮೊದಲ ಲಾಭ ಇದು.

ಬೆಳಕಿಗೆ ಲಗಾಮು

ಜಾಲದ ಬೆಳಕನ್ನು ನಮಗೆ ಬೇಕಾದಂತೆ ತಿರುಗಿಸಲು ಮುಖ್ಯವಾಗಿ ಮೂರು ಹಿಡಿಗಳಿವೆ.

ಮೊದಲನೆಯದು ಲೋಹದ ಆಯ್ಕೆ. ಸತು ತಾನು ಹೊಳೆಯುವುದಿಲ್ಲ; ಅದರ ಜಾಲದಲ್ಲಿ ತೊಲೆಯೇ ಹೊಳೆಯುತ್ತದೆ, ಬಹುಮಟ್ಟಿಗೆ ನೀಲಿಯಾಗಿ. ಯುರೋಪಿಯಂ ಎಂಬ ಲೋಹ ಕೆಂಪು ಬೆಳಕನ್ನೂ ಟರ್ಬಿಯಂ ಹಸಿರು ಬೆಳಕನ್ನೂ ಕೊಡುತ್ತವೆ. ಹಳೆಯ ಕಲರ್ ಟಿ.ವಿ.ಯ ಪರದೆಯ ಕೆಂಪು ಬಣ್ಣ ಯುರೋಪಿಯಂನದೇ ಆಗಿತ್ತು. ಆದರೆ ಈ ಲೋಹಗಳು ಹೊರಗಿನ ಕಿರಣವನ್ನು ತಾವಾಗಿ ಹೀರುವುದರಲ್ಲಿ ಬಲು ದುರ್ಬಲ. ತೊಲೆಯ ಅಣು ಕಿರಣವನ್ನು ಹೀರಿ, ಕಾಲುವೆ ನೀರು ಗಿಡದ ಬುಡಕ್ಕೆ ಹರಿದಂತೆ, ಶಕ್ತಿಯನ್ನು ಲೋಹಕ್ಕೆ ತಲುಪಿಸುತ್ತದೆ.

ಎರಡನೆಯದು ತೊಲೆಯ ಆಯ್ಕೆ. ತೊಲೆಯ ಉದ್ದ, ಆಕಾರ ಮತ್ತು ಅದರ ಮೇಲೆ ನೆಟ್ಟ ರಾಸಾಯನಿಕ ಗುಂಪುಗಳನ್ನು ಬದಲಿಸಿದರೆ ಬೆಳಕಿನ ಬಣ್ಣ ಬದಲಾಗುತ್ತದೆ, ರಂಧ್ರದ ಅಳತೆಯೂ ಬದಲಾಗುತ್ತದೆ. ರಂಧ್ರದ ಅಳತೆ ಎಂದರೆ ಜರಡಿಯ ಕಣ್ಣು ಇದ್ದಂತೆ. ಯಾವ ಅಣು ಒಳಗೆ ಬರಬೇಕು, ಯಾವುದು ಹೊರಗೆ ಉಳಿಯಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ.

ಮೂರನೆಯದು ಅತಿಥಿ. ರಂಧ್ರದೊಳಗೆ ಬಂದ ಅಣುವಿಗೆ ಈ ಹೆಸರು. ಹೊಳೆಯುವ ಬಣ್ಣದ ಅಣುವನ್ನು ಬೇಕೆಂದೇ ಒಳಗೆ ಕೂಡಿಸಿದರೆ ತೊಲೆಯ ನೀಲಿಯೂ ಅತಿಥಿಯ ಹಳದಿಯೂ ಬೆರೆತು ಬಿಳಿ ಬೆಳಕಾಗುತ್ತದೆ. ಇನ್ನು ಕೆಲವು ಅತಿಥಿಗಳು ಒಳಗೆ ಬಂದೊಡನೆ ಶಕ್ತಿಯನ್ನು ಅಥವಾ ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತವೆ. ಕಾಲುವೆಯ ಏರಿ ಒಡೆದಾಗ ಗಿಡಕ್ಕೆ ನೀರು ನಿಲ್ಲುವಂತೆ ಬೆಳಕು ಮಂಕಾಗುತ್ತದೆ. ವಿಷವನ್ನು ಗುರುತಿಸುವ ಉಪಾಯ ಅಡಗಿರುವುದು ಇಲ್ಲಿಯೇ. ಬಂದ ಅತಿಥಿ ಯಾರೆಂಬುದನ್ನು ಬೆಳಕು ನಮಗೆ ತಿಳಿಸಬೇಕು.

ಆದರೆ ಒಂದು ಬೆಳಕು ಮಂಕಾಯಿತೆಂದ ಮಾತ್ರಕ್ಕೆ ಸಾಕ್ಷಿ ಪೂರ್ತಿಯಾಗಲಿಲ್ಲ. ಪುಡಿ ಕಡಿಮೆ ಬಿದ್ದಿರಬಹುದು, ದೀಪದ ಶಕ್ತಿ ಕುಗ್ಗಿರಬಹುದು. ಆದ್ದರಿಂದ ಒಂದೇ ಜಾಲದಲ್ಲಿ ಎರಡು ಬಣ್ಣಗಳನ್ನು ಇಟ್ಟು ಒಂದರೊಡನೆ ಇನ್ನೊಂದನ್ನು ಹೋಲಿಸಿ ನೋಡುವ ಕ್ರಮ ಬಂದಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಕಲ್ಲು, ಇನ್ನೊಂದರಲ್ಲಿ ಸರಕು ಇಟ್ಟು ತೂಗುವಂತೆ ಇದು. 2012ರಲ್ಲಿ ಚೀನಾ ದೇಶದ ವಿಜ್ಞಾನಿಗಳು ಟರ್ಬಿಯಂ ಮತ್ತು ಯುರೋಪಿಯಂ ಎರಡನ್ನೂ ಒಂದೇ ಜಾಲದಲ್ಲಿ ಸೇರಿಸಿ, ಹಸಿರು ಮತ್ತು ಕೆಂಪು ಬೆಳಕಿನ ಪ್ರಮಾಣವನ್ನು ಹೋಲಿಸಿ ಉಷ್ಣತೆಯನ್ನು ಅಳೆದರು. 2015ರಲ್ಲಿ ಜಕ್ಕೂರಿನ ಮಾಜಿ ಅವರ ತಂಡ ನೀಲಿಯಾಗಿ ಹೊಳೆಯುವ ಒಂದು ಅಣುವನ್ನು ಇದೇ ಎರಡು ಲೋಹಗಳೊಡನೆ ಕೂಡಿಸಿ, ಲೋಹಗಳ ಪ್ರಮಾಣ ಬದಲಿಸಿದಂತೆ ಬಣ್ಣ ಬದಲಾಗುವ ಲೋಳೆಯಂಥ ಪದಾರ್ಥವನ್ನು ತಯಾರಿಸಿತು. ಬೆಳಕಿನ ಬಣ್ಣವನ್ನು ಅಡಿಗೆಯ ಉಪ್ಪು ಖಾರದಂತೆ ಅಳತೆ ಮಾಡಿ ಕೂಡಿಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾಳಿನ ವಿಷಕ್ಕೆ ಪರೀಕ್ಷೆ

ಅಫ್ಲಾಟಾಕ್ಸಿನ್ ತಾನೇ ನೇರಳಾತೀತ ಕಿರಣದಡಿ ಹೊಳೆಯುವ ಪದಾರ್ಥ. ನೀಲಿಯಾಗಿ ಹೊಳೆಯುವ ಬಗೆಗೆ ಇಂಗ್ಲಿಷಿನ ನೀಲಿ ಶಬ್ದದ ಮೊದಲ ಅಕ್ಷರದಿಂದ 'ಬಿ' ಎಂದೂ, ಹಸಿರಾಗಿ ಹೊಳೆಯುವುದಕ್ಕೆ ಹಸಿರು ಶಬ್ದದಿಂದ 'ಜಿ' ಎಂದೂ ಹೆಸರಿಟ್ಟಿದ್ದಾರೆ. ಎಲ್ಲಕ್ಕಿಂತ ಉಗ್ರವಾದುದು 'ಬಿ-1'. 2015ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜಿಂಗ್ ಲಿ ಅವರ ತಂಡ ಸತುವಿನ ಗಂಟುಗಳಿದ್ದು ನೀಲಿಯಾಗಿ ಹೊಳೆಯುವ ಜಾಲವೊಂದನ್ನು ಪ್ರಕಟಿಸಿತು. ಈ ವಿಷ ಸೇರಿದಂತೆಲ್ಲ ಅದರ ಬೆಳಕು ಕುಗ್ಗುತ್ತಿತ್ತು. ಕುಗ್ಗಿದ ಪ್ರಮಾಣವನ್ನು ಅಳೆದು ವಿಷದ ಪ್ರಮಾಣ ಹೇಳಬಹುದಾಗಿತ್ತು.

ಆ ಪರೀಕ್ಷೆ ಗುರುತಿಸಬಲ್ಲ ಕನಿಷ್ಠ ಪ್ರಮಾಣ ನೂರು ಕೋಟಿ ಭಾಗಕ್ಕೆ 46 ಭಾಗ. ನಮ್ಮ ಕಾಯಿದೆಯ ಮಿತಿ ಇದೇ ಲೆಕ್ಕದಲ್ಲಿ 15. ಮಿತಿಯ ಮೂರು ಪಟ್ಟು ವಿಷವಿದ್ದಾಗ ಮಾತ್ರ ಆ ಪುಡಿ ಕೂಗಿ ಹೇಳುತ್ತಿತ್ತು. ಅದೂ ಶುದ್ಧ ದ್ರಾವಣದಲ್ಲಿ, ಶೇಂಗಾ ಕಾಳಿನಲ್ಲಲ್ಲ. ನಂತರದ ವರ್ಷಗಳಲ್ಲಿ ಬೇರೆ ಬೇರೆ ತಂಡಗಳು ಇದಕ್ಕಿಂತ ಕಡಿಮೆ ಪ್ರಮಾಣವನ್ನೂ ಗುರುತಿಸುವ ಜಾಲಗಳನ್ನು ಪ್ರಕಟಿಸಿವೆ. ದಾರಿ ಸರಿಯಾಗಿದೆ, ಆದರೆ ಊರು ಇನ್ನೂ ದೂರವಿದೆ.

ಕಣದವರೆಗೆ ಬರಲು ಇರುವ ಅಡ್ಡಿಗಳು

1. ಶೇಂಗಾದಲ್ಲಿ ಎಣ್ಣೆ, ಸಿಪ್ಪೆಯ ಬಣ್ಣ, ಸಸಾರಜನಕ ಎಲ್ಲವೂ ಇವೆ. ಇವು ಕೂಡ ಬೆಳಕನ್ನು ಮಂಕು ಮಾಡಬಲ್ಲವು. ಕಾಳಿನಿಂದ ವಿಷವನ್ನು ಮಾತ್ರ ಬೇರ್ಪಡಿಸಿ ಜಾಲಕ್ಕೆ ಒಡ್ಡಬೇಕಾಗುತ್ತದೆ.

2. ಕೆಲವು ಜಾಲಗಳಿಗೆ ನೀರೇ ವೈರಿ. ಯಾಘಿ ಅವರ ಸತುವಿನ ಜಾಲ ಹಸಿ ಹವೆಯಲ್ಲಿಯೇ ಕಳಚಿ ಬೀಳುತ್ತದೆ. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದವರು 2008ರಲ್ಲಿ ಜಿರ್ಕೋನಿಯಂ ಲೋಹದಿಂದ ನೀರಿಗೆ ಜಗ್ಗದ ಜಾಲ ಕಟ್ಟಿದ ಮೇಲೆ ಈ ತೊಂದರೆ ಒಂದು ಮಟ್ಟಿಗೆ ತಗ್ಗಿದೆ.

3. ಎಲ್ಲಕ್ಕೂ ದೊಡ್ಡ ಅಡ್ಡಿ ಮಾದರಿ ತೆಗೆಯುವುದು. ಒಂದು ಚೀಲದಲ್ಲಿ ಸಾವಿರಾರು ಕಾಳು ಶುದ್ಧವಾಗಿದ್ದು ಒಂದೆರಡರಲ್ಲಿಯೇ ವಿಷವೆಲ್ಲ ತುಂಬಿರಬಹುದು. ಮೇಲಿನ ಒಂದು ಹಿಡಿ ಪರೀಕ್ಷಿಸಿ "ಚೀಲ ಛಲೋ ಅದ" ಎಂದರೆ ಯಾವ ಬೆಳಕೂ ನಮ್ಮನ್ನು ಕಾಯಲಾರದು.

ನೀಲಿ ದೀಪದ ಬಗ್ಗೆ ಎಚ್ಚರಿಕೆ

ನೇರಳಾತೀತ ಬೆಳಕಿನ ಸಣ್ಣ ಕೈದೀಪಗಳು ಈಗ ಕೆಲವೇ ನೂರು ರೂಪಾಯಿಗೆ ದೊರೆಯುತ್ತವೆ. ಕಾಳನ್ನು ಅದರಡಿ ಹಿಡಿದು "ಹೊಳೆದರೆ ವಿಷ, ಹೊಳೆಯದಿದ್ದರೆ ಶುದ್ಧ" ಎಂದು ತೀರ್ಮಾನಿಸುವುದು ಅಪಾಯ. ಮೆಕ್ಕೆಜೋಳದಲ್ಲಿ ಈ ದೀಪದಡಿ ಕಾಣುವ ಹಳದಿ ಹಸಿರು ಹೊಳಪು ಅಫ್ಲಾಟಾಕ್ಸಿನ್ನಿನದಲ್ಲ. ಶಿಲೀಂಧ್ರ ಉಂಟುಮಾಡುವ ಕೋಜಿಕ್ ಆಮ್ಲ ಎಂಬ ಬೇರೆ ಪದಾರ್ಥದಿಂದ ಬಂದದ್ದು. ಅದು ಶಿಲೀಂಧ್ರ ಬಂದುಹೋದ ಗುರುತು ಅಷ್ಟೆ. ಹೊಳೆದ ಕಾಳಿನಲ್ಲಿ ವಿಷವಿಲ್ಲದಿರಬಹುದು, ಹೊಳೆಯದ ಕಾಳಿನಲ್ಲಿ ಇರಬಹುದು.

ಹತೋಟಿಯಿಲ್ಲದ ಬೆಳಕಿಗೂ ಹತೋಟಿಯಲ್ಲಿರುವ ಬೆಳಕಿಗೂ ಇರುವ ವ್ಯತ್ಯಾಸ ಇದೇ. ದೀಪದಡಿ ಯಾವುದೋ ಒಂದು ಹೊಳೆಯುತ್ತದೆ, ಯಾವುದೆಂದು ಗೊತ್ತಿಲ್ಲ. ವಿಜ್ಞಾನಿಗಳು ಜಾಲದಲ್ಲಿ ರಂಧ್ರ, ತೊಲೆ, ಲೋಹಗಳನ್ನು ಅಳೆದು ಕಟ್ಟುತ್ತಿರುವುದು ಬೆಳಕು ಒಂದೇ ಒಂದು ಪದಾರ್ಥಕ್ಕೆ ಉತ್ತರ ಕೊಡಲೆಂದು. ಸಾಕ್ಷಿ ಹೇಳುವವನು ಊರಿನವರೆಲ್ಲರ ಹೆಸರು ಹೇಳಿದರೆ ಪಂಚರಿಗೆ ಪ್ರಯೋಜನವಿಲ್ಲ. ಕಳ್ಳನ ಹೆಸರೊಂದನ್ನೇ ಹೇಳಬೇಕು. ಆದ್ದರಿಂದ ಯಾರಾದರೂ ಹಳ್ಳಿಗೆ ಬಂದು "ನೊಬೆಲ್ ಪುಡಿ" ಎಂದು ಡಬ್ಬಿ ಮಾರಿದರೆ ದಯವಿಟ್ಟು ಹಣ ಕೊಡಬೇಡಿರಿ. ಖಚಿತ ಫಲಿತಾಂಶಕ್ಕೆ ಮಾನ್ಯತೆ ಪಡೆದ ಪ್ರಯೋಗಶಾಲೆಯೇ ದಾರಿ. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಕಡಿಮೆ ಖರ್ಚಿನ ಎಲೈಸಾ ಪರೀಕ್ಷಾ ಕ್ರಮವನ್ನು ಬಳಕೆಗೆ ತಂದಿದೆ. ಹತ್ತು ಜನ ರೈತರು ಅಥವಾ ಒಂದು ಉತ್ಪಾದಕರ ಸಂಘ ಕೂಡಿ ಮಾದರಿ ಕಳಿಸಿದರೆ ತಲಾ ಖರ್ಚು ಕಡಿಮೆ ಬೀಳುತ್ತದೆ.

ಈಗ ನಮ್ಮ ಕೈಯಲ್ಲಿರುವುದು

ವಿಷ ಪತ್ತೆ ಮಾಡುವುದಕ್ಕಿಂತ ವಿಷ ಹುಟ್ಟದಂತೆ ನೋಡಿಕೊಳ್ಳುವುದು ಸುಲಭ, ಅಗ್ಗ. ರೈತ ಬಾಂಧವರು ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಶೇಂಗಾ ಕಾಯಿ ಬಲಿಯುವ ಕೊನೆಯ ಮೂರರಿಂದ ಆರು ವಾರಗಳಲ್ಲಿ ಬೆಳೆಗೆ ನೀರಿನ ಕೊರತೆ ಆಗಬಾರದು. ಬಾವಿ ನೀರಿದ್ದವರು ಈ ಹಂತದಲ್ಲಿ ಒಂದು ನೀರು ತಪ್ಪದೆ ಕೊಡಬೇಕು. ಬರಕ್ಕೆ ಸಿಕ್ಕ ಕಾಯಿಗೆ ಶಿಲೀಂಧ್ರ ಹೊಲದಲ್ಲಿಯೇ ಹತ್ತುತ್ತದೆ.

2. ಹೂ ಬಿಟ್ಟು ಊಡು ಇಳಿಯುವ ಕಾಲಕ್ಕೆ ಎಕರೆಗೆ 200 ಕಿಲೋ ಜಿಪ್ಸಂ ಕೊಟ್ಟು ಮಣ್ಣಿನಲ್ಲಿ ಬೆರೆಸಬೇಕು. ಸುಣ್ಣದ ಅಂಶ ದೊರೆತ ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ.

3. ಬೆಳೆ ಬಲಿತೊಡನೆ ಕೀಳಬೇಕು. ಕಿತ್ತ ಬಳ್ಳಿಗಳನ್ನು ಕಾಯಿ ಮೇಲಾಗಿ ಮಗುಚಿ ಒಣಗಿಸಬೇಕು. ಹಸಿಯಾಗಿ ಬಣವೆ ಒಟ್ಟಕೂಡದು.

4. ಕಾಯಿಯ ತೇವ ಶೇಕಡಾ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ಕಾಳು ಗಲಗಲ ಸದ್ದು ಮಾಡಬೇಕು.

5. ಒಡೆದ, ಹುಳು ತಿಂದ, ಸುಕ್ಕಾದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಯಬೇಕು. ಅವನ್ನು ಗಾಣಕ್ಕೂ ಹಾಕಬಾರದು, ದನಗಳಿಗೂ ಹಾಕಬಾರದು. ನೆಲದಲ್ಲಿ ಹೂಳುವುದು ಲೇಸು.

6. ಸುಲಿಯುವ ಮುನ್ನ ಕಾಳು ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಡಬೇಕು. ಆ ತೇವವೇ ಬೂಷ್ಟಿಗೆ ಬೀಜ.

7. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಹಗೇವಿನಲ್ಲಿ ಜೋಳ ತುಂಬುವವರು ಒಳಗೋಡೆ ಪೂರ್ಣ ಒಣಗಿದೆಯೇ ಎಂದು ನೋಡಿ ತುಂಬಬೇಕು.

8. ಮುಗ್ಗು ವಾಸನೆ ಬಂದ ಶೇಂಗಾ ಹಿಂಡಿ ಅಥವಾ ಹತ್ತಿಕಾಳು ಹಿಂಡಿಯನ್ನು ಹಾಲು ಕೊಡುವ ದನಗಳಿಗೆ ತಿನ್ನಿಸಕೂಡದು.

ಕೊನೆಯ ಮಾತು

ನರೋಣಾದ ಆ ಹಿರಿಯರಿಗೆ ನಾನು ಅಂದು ಹೇಳಿದ್ದು ಇಷ್ಟು: "ಕಾಕಾ, ಬೂಷ್ಟು ಕಾಣೂವು ತಗದ್ರ ವಿಷದ ದೊಡ್ಡ ಪಾಲು ಹೋಗ್ತದ, ಆದ್ರ ಪೂರಾ ಹೋತು ಅಂತ ನಾ ಹೇಳಲಾರೆ. ಈ ರಾಶಿ ಬ್ಯಾರೆ ಇಡ್ರಿ, ಇನ್ನೂ ಎರಡು ಬಿಸಿಲು ಕೊಡ್ರಿ, ಮಾದರಿ ಕಳಸೋಣ. ಅಲ್ಲಿಮಟ ಹುಡುಗ್ರಿಗಿ ಇದು ಬ್ಯಾಡ." ಅವರು ರಾಶಿಯ ನಡುವೆ, ಅಂಚಿಗೆ, ತಳಕ್ಕೆ ಹೀಗೆ ಹಲವು ಕಡೆ ಕೈಹಾಕಿ ಮಾದರಿ ತೆಗೆದು ಕಟ್ಟಿಕೊಟ್ಟರು. ಎಲ್ಲಿಂದ ತೆಗೆಯಬೇಕೆಂದು ನಾನು ಹೇಳಬೇಕಾಗಲಿಲ್ಲ. ರಾಶಿಯ ಮೇಲ್ಭಾಗ ಸುಳ್ಳು ಹೇಳುತ್ತದೆಂಬುದು ಒಕ್ಕಲಿಗನಿಗೆ ಮೊದಲೇ ಗೊತ್ತು.

ಮಗನಿಗೆ ಹೇಳಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಆ ಪುಡಿ ಒಂದು ದಿನ ಕಾಗದದ ಪಟ್ಟಿಯ ರೂಪದಲ್ಲಿ ಕಣಕ್ಕೆ ಬಂದೀತು. ಬಂದ ದಿನ ಮಾರುಕಟ್ಟೆಯಲ್ಲಿ ದಲಾಲರ ಹಲ್ಲಿನ ಮಾತಿಗೆ ಎದುರಾಗಿ ರೈತನ ಕೈಯಲ್ಲಿಯೂ ಒಂದು ಸಾಕ್ಷಿ ಇರುತ್ತದೆ. ಆಗಲೂ ಆ ಬೆಳಕು ಹೇಳುವುದು ಕಾಳು ಹೇಗಿದೆ ಎಂಬುದನ್ನು ಮಾತ್ರ. ಕಾಳನ್ನು ಒಳ್ಳೆಯದಾಗಿ ಇಡುವ ಕೆಲಸ ಬಿಸಿಲಿನದು, ಗಾಳಿಯದು ಮತ್ತು ನಮ್ಮದು.